ನಮ್ಮ ಮತ, ಹೊರಗಿನ ನ್ಯಾಯಾಲಯ

ಗಜೇಂದ್ರಗಡದಲ್ಲಿ ಚಿತ್ರೀಕರಣ ಮುಗಿಸಿ ಹೊರಟಿದ್ದಾಗ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ನಮ್ಮ ಎಲೆಕ್ಷನ್‌ದಾಗ ಮೋಸ ಆದ್ರ ಅಂತರರಾಷ್ಟ್ರೀಯ ಕೋರ್ಟಿಗೆ ಹೋಗಾಕ ಬರ್ತೈತೇನ್ರಿ?”

ಬರುವುದಿಲ್ಲ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು ದೇಶ ದೇಶಗಳ ನಡುವಿನ ವ್ಯಾಜ್ಯವನ್ನು ಕೇಳುತ್ತದೆ, ವ್ಯಕ್ತಿಗಳ ದೂರನ್ನಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1979ರಲ್ಲಿ ಒಪ್ಪಿಕೊಂಡಿತು. ಗುಪ್ತ ಮತದಾನದ ನೈಜ ಚುನಾವಣೆ ನಾಗರಿಕರ ಹಕ್ಕು ಎನ್ನುತ್ತದೆ ಅದರ 25ನೆಯ ವಿಧಿ. ಆದರೆ ವ್ಯಕ್ತಿಗಳು ದೂರು ಕೊಡಲು ಅವಕಾಶವೀಯುವ ಐಚ್ಛಿಕ ಪ್ರೋಟೊಕಾಲ್‌ಗೆ ಭಾರತ ಸೇರಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ನಮ್ಮ ದೇಶದ ವರದಿಯನ್ನು ಪರಿಶೀಲಿಸಿ ಅಭಿಪ್ರಾಯ ಹೇಳಬಲ್ಲದು. ವಿಜ್ಞಾನ ಓದಿದ ನನಗೆ ಅದು ಥರ್ಮಾಮೀಟರಿನಂತೆ ಕಾಣುತ್ತದೆ. ಜ್ವರ ಎಷ್ಟೆಂದು ತೋರಿಸುತ್ತದೆ, ಇಳಿಸುವುದಿಲ್ಲ.

ವ್ಯಕ್ತಿಗಳ ದೂರು ಕೇಳುವ ನ್ಯಾಯಾಲಯ ಯುರೋಪಿನಲ್ಲಿದೆ. ಶಿಕ್ಷೆಗೊಳಗಾದ ಎಲ್ಲ ಕೈದಿಗಳಿಗೂ ಬ್ರಿಟನ್ ಮತ ನಿರಾಕರಿಸಿದ್ದು ತಪ್ಪೆಂದು 2005ರಲ್ಲಿ ಅದು ತೀರ್ಪಿತ್ತಿತು. 2011ರಲ್ಲಿ ಬ್ರಿಟನ್ನಿನ ಕೆಳಮನೆ ಬದಲಾವಣೆಯನ್ನು ವಿರೋಧಿಸಿತು. ಕೊನೆಗೆ ಆದದ್ದು ಸಣ್ಣ ತಿದ್ದುಪಡಿ ಮಾತ್ರ.

ಹಾಗಾದರೆ ಹೊರಗಿನವರಿಗೆ ಇನ್ನಷ್ಟು ಅಧಿಕಾರವಿರಬೇಕೇ? ನರಗುಂದದ ಗುಡ್ಡವನ್ನು ನೆನೆಯಿರಿ. ಮಕ್ಕಳಿಲ್ಲದ ಬಾಬಾಸಾಹೇಬ ಭಾವೆಯವರಿಗೆ ದತ್ತು ಪಡೆಯಲು ಬ್ರಿಟಿಷರು ಅನುಮತಿ ಕೊಡಲಿಲ್ಲ. ಮುಂದೆ ನರಗುಂದವನ್ನು ಯಾರು ಆಳಬೇಕೆಂಬುದನ್ನು ಹೊರಗಿನವರು ತೀರ್ಮಾನಿಸಿದರು. 1858ರ ಬಂಡಾಯಕ್ಕೆ ಅದೊಂದು ಮುಖ್ಯ ಕಾರಣ. ಒಡಂಬಡಿಕೆ ಹಾಗೆ ಹೇರಿದ್ದಲ್ಲ. ನಾವು ಎಷ್ಟು ಒಪ್ಪಿದ್ದೇವೆಯೋ ಅಷ್ಟೇ ಅದರ ಬಲ. ಅದೇ ಅದರ ಮಿತಿ, ಅದೇ ಅದರ ಮರ್ಯಾದೆ.

ಇಂದು ನರಗುಂದದವರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುತ್ತಾರೆ. ಗಜೇಂದ್ರಗಡದವರು ರೋಣ ವಿಧಾನಸಭಾ ಕ್ಷೇತ್ರದಲ್ಲಿ ಮತ ಹಾಕುತ್ತಾರೆ. ಆಯ್ಕೆಯನ್ನು ಪ್ರಶ್ನಿಸಲು ಸಂವಿಧಾನದ 329ನೆಯ ವಿಧಿ ತೋರಿಸುವ ದಾರಿ ಚುನಾವಣಾ ಅರ್ಜಿ. ಅಭ್ಯರ್ಥಿಯೇ ಆಗಬೇಕೆಂದಿಲ್ಲ. ಆ ಕ್ಷೇತ್ರದ ಯಾವ ಮತದಾರನಾದರೂ, ಮತ ಹಾಕಿರಲಿ ಬಿಡಲಿ, ಹೈಕೋರ್ಟಿಗೆ ಅರ್ಜಿ ಸಲ್ಲಿಸಬಹುದು. ಅಲ್ಲಿಂದ ಮೇಲ್ಮನವಿ ಸುಪ್ರೀಂ ಕೋರ್ಟಿಗೆ.

ಆದರೆ ಫಲಿತಾಂಶ ಘೋಷಣೆಯಾದ 45 ದಿನಗಳೊಳಗೆ ಅರ್ಜಿ ಸಲ್ಲಬೇಕು. ದೂರದ ನ್ಯಾಯಾಲಯ ಕಾಪಾಡೀತೆಂದು ಕಾಯುತ್ತ ಕುಳಿತವರಿಗೆ ಆ ದಿನಗಳು ತಿರುಗಿ ಬರುವುದಿಲ್ಲ. ಆ ವಿದ್ಯಾರ್ಥಿನಿಗೂ ಇದನ್ನೇ ಹೇಳಿದೆ: ನಮ್ಮ ಮತದ ಮೊದಲ ಕಾವಲುಗಾರರು ನಾವೇ.