ಕಾಗೆಯೂ ಕೊಂಬೆಯೂ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಒಂದರ ಹಿಂದೆ ಒಂದು ನಡೆದುವೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬೇಕಿಲ್ಲ ಎಂಬುದು ಅದರ ತಾತ್ಪರ್ಯ. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಈ ಗಾದೆಯನ್ನು ನೆನೆಯಬೇಕಾದ ಸಂದರ್ಭವೊಂದುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದನ್ನು ನಂಬಿದ್ದ ಅನೇಕರು ವಿಂಡೋಸ್ 11ನ್ನು ಹಾಕಿಸಿಕೊಳ್ಳಬೇಕಾಯಿತು. ಹೀಗೆ ಹೊಸದನ್ನು ಹಾಕಿದ ಮರುದಿನವೇ, ಹಾರ್ಡ್ ಡಿಸ್ಕಿನಲ್ಲಿ ದೋಷವಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡುವುದುಂಟು. ನಿನ್ನೆಯವರೆಗೆ ಚೆನ್ನಾಗಿತ್ತು, ಹೊಸದರಿಂದಲೇ ಕೆಟ್ಟಿತು ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ಎಷ್ಟು ಸರಿ ಎಂಬುದನ್ನು ವಿಚಾರಿಸೋಣ.

1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದುವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮೂಲತತ್ತ್ವ ಅದೇ. ಕಾಂತೀಯ ಲೇಪವುಳ್ಳ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ, ಬರೆಯುವ ಹೆಡ್ ಎಂಬ ಭಾಗ ಅದರ ಮೇಲೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಟ್ಟೆಯ ಮೈ ಗದ್ದೆಯ ಮಡಿಗಳಂತೆ ಸೆಕ್ಟರುಗಳಾಗಿ ವಿಂಗಡವಾಗಿದೆ. ವಯಸ್ಸಾದಂತೆ ಕೆಲವು ಸೆಕ್ಟರು ಕೆಡುತ್ತವೆ. ಡಿಸ್ಕು ಅವುಗಳ ಬದಲಿಗೆ ಕಾದಿರಿಸಿದ ಬೇರೆ ಸೆಕ್ಟರುಗಳನ್ನು ಬಳಸಿಕೊಳ್ಳುತ್ತದೆ. ಆ ಲೆಕ್ಕವನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಆದರೆ ಬಹುಕಾಲ ಯಾರೂ ಓದದ ಸೆಕ್ಟರು ಕೆಟ್ಟಿದ್ದರೆ, ಅದು ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಹೊಸ ಸಿಸ್ಟಮ್ಮನ್ನು ಹಾಕುವಾಗ ಡಿಸ್ಕು ಗಂಟೆಗಟ್ಟಲೆ ದುಡಿಯಬೇಕಾಗುತ್ತದೆ. ಹಳೆಯ ಕಡತಗಳನ್ನು ಓದಬೇಕು, ಸರಿಸಬೇಕು, ಸಾವಿರಾರು ಹೊಸ ಕಡತಗಳನ್ನು ಬರೆಯಬೇಕು. ಕೆಟ್ಟ ಸೆಕ್ಟರು ಬೆಳಕಿಗೆ ಬರುವುದು ಆಗಲೇ. ಕೊಂಬೆ ಮೊದಲೇ ಟೊಳ್ಳಾಗಿತ್ತು. ಕಾಗೆ ಬಂದು ಕೂತಿತು, ಅಷ್ಟೇ.

ಹಾಗೆಂದು ಕಾಗೆ ಯಾವಾಗಲೂ ನಿರಪರಾಧಿಯಲ್ಲ. ಡಿಸ್ಕಿನೊಡನೆ ವ್ಯವಹರಿಸುವ ಡ್ರೈವರ್ ಎಂಬ ತಂತ್ರಾಂಶ ಹೊಸ ಸಿಸ್ಟಮ್ಮಿಗೆ ಹೊಂದದೆ ಹೋದರೆ, ಆರೋಗ್ಯವಾಗಿರುವ ಡಿಸ್ಕೂ ರೋಗಿಯಂತೆ ಕಾಣುತ್ತದೆ. 2020ರ ಡಿಸೆಂಬರಿನಲ್ಲಿ ನಡೆದುದು ಇನ್ನೂ ವಿಚಿತ್ರ. ವಿಂಡೋಸ್ 10ರ ಒಂದು ಪರಿಷ್ಕರಣೆಯನ್ನು ಹಾಕಿಕೊಂಡ ಕೆಲವು ಯಂತ್ರಗಳಲ್ಲಿ, ಡಿಸ್ಕಿನ ದೋಷವನ್ನು ತಿದ್ದಬೇಕಾದ ಚೆಕ್‌ಡಿಸ್ಕ್ ಎಂಬ ಸಾಧನವೇ ಕಡತಗಳ ವ್ಯವಸ್ಥೆಯನ್ನು ಕೆಡಿಸಿತು. ಯಂತ್ರ ಮೇಲೇಳದೆ ಹೋಯಿತು. ಮೈಕ್ರೋಸಾಫ್ಟ್ ಅದನ್ನು ಒಪ್ಪಿ ಸರಿಪಡಿಸಿತು. ಮದ್ದೇ ರೋಗವಾಗುವುದುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ತಪ್ಪು ಯಾರದೆಂದು ತೀರ್ಮಾನಿಸುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಬರಹ, ಚಿತ್ರ, ಲೆಕ್ಕಪತ್ರಗಳನ್ನು ಇನ್ನೊಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳಿ. ಅತಿ ಮುಖ್ಯವಾದುವು ಮೊದಲು, ಉಳಿದುವು ಆಮೇಲೆ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅಷ್ಟನ್ನೂ ಮಾಡಬೇಡಿ. ಯಂತ್ರವನ್ನು ಆರಿಸಿ, ಬಲ್ಲವರಿಗೆ ಒಪ್ಪಿಸಿ.

ಪ್ರತಿ ಭದ್ರವಾದ ಮೇಲೆ ಸ್ಮಾರ್ಟ್ ದಾಖಲೆಯನ್ನು ಓದಿ. ಬದಲಿ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕಿನ ಆಯುಸ್ಸು ತೀರುತ್ತಿದೆಯೆಂದು ತಿಳಿಯಬೇಕು. ಅದು ಸುಮ್ಮನಿದ್ದು, ಸಾಗಣೆಯ ದೋಷಗಳು ಮಾತ್ರ ಹೆಚ್ಚುತ್ತಿದ್ದರೆ ಕೇಬಲ್ಲನ್ನು ಬದಲಿಸಿ ನೋಡಿ. ಅಲ್ಪ ಬೆಲೆಯ ತಂತಿ ದೊಡ್ಡ ಡಿಸ್ಕಿಗೆ ಕೆಟ್ಟ ಹೆಸರು ತರುವುದುಂಟು. ಎರಡೂ ಸರಿಯಿದ್ದರೆ, ಯಂತ್ರ ತಯಾರಿಸಿದವರು ಹೊಸ ಸಿಸ್ಟಮ್ಮಿಗೆಂದು ಕೊಡುವ ಡ್ರೈವರನ್ನು ಹಾಕಿ. ಹಳೆಯ ವಿಂಡೋಸಿಗೆ ಹಿಂತಿರುಗಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಆದರೆ ಸೊರಗಿದ ಡಿಸ್ಕಿಗೆ ಅದೂ ಇನ್ನೊಂದು ಹೊರೆಯೇ.

ಚೆಕ್‌ಡಿಸ್ಕಿನ ಸರದಿ ಎಲ್ಲಕ್ಕೂ ಕೊನೆಗೆ; ಅದನ್ನೂ ಮೊದಲು ಬರಿಯ ಪರೀಕ್ಷೆಗೆ, ಆಮೇಲೆ ತಿದ್ದುಪಡಿಗೆ ಬಳಸುವುದು ಲೇಸು. ಅದರ ಗುರಿ ಕಡತಗಳ ಪಟ್ಟಿಯನ್ನು ಸುಸಂಗತವಾಗಿಸುವುದು, ನಿಮ್ಮ ಕವಿತೆಯನ್ನು ಉಳಿಸುವುದಲ್ಲ. ಹೊಂದದ ತುಣುಕನ್ನು ಅದು ನಿರ್ದಾಕ್ಷಿಣ್ಯವಾಗಿ ಬದಿಗೆ ಹಾಕಬಲ್ಲುದು. ಹೆಚ್ಚಿನವರು ಮೊದಲ ಗಾಬರಿಯಲ್ಲಿ ಇದನ್ನೇ ನಡೆಸುತ್ತಾರೆ. ಸರದಿ ತಿರುವುಮುರುವಾದರೆ ಉಳಿಯಬಹುದಾಗಿದ್ದುದೂ ಕೈತಪ್ಪುತ್ತದೆ. ತಿರುಗುವ ತಟ್ಟೆಗಳಿಲ್ಲದ ಹೊಸ ಬಗೆಯ ಡಿಸ್ಕುಗಳಿಗೂ ಪ್ರತಿಯ ಮಾತು ಅನ್ವಯಿಸುತ್ತದೆ. ಅವು ಸದ್ದೇ ಇಲ್ಲದೆ ಸಾಯಬಲ್ಲುವು.

ಡಿಸ್ಕನ್ನು ಅಂಗಡಿಯಲ್ಲಿ ಮತ್ತೆ ಕೊಳ್ಳಬಹುದು. ತೀರಿಹೋದ ತಂದೆಯ ಧ್ವನಿಯನ್ನು, ಹತ್ತು ವರ್ಷ ದುಡಿದು ಬರೆದ ಪ್ರಬಂಧವನ್ನು ಕೊಳ್ಳಲಾಗದು. ನಮ್ಮ ಹಳೆಯ ಕಾವ್ಯಗಳು ಬಂದುದು ತಾಳೆಗರಿ ಶಾಶ್ವತವಾಗಿದ್ದುದರಿಂದಲ್ಲ. ಗರಿ ಗೆದ್ದಲಿಗೆ ಸಿಕ್ಕುವ ಮುನ್ನ ಯಾರೋ ಕುಳಿತು ಪ್ರತಿಮಾಡಿದರು. ಆ ಲಿಪಿಕಾರರಲ್ಲಿ ಬಹುಮಂದಿಯ ಹೆಸರೂ ನಮಗೆ ಗೊತ್ತಿಲ್ಲ. ಅವರ ಆ ಕೆಲಸವನ್ನು ಈಗ ಪ್ರತಿ ಮನೆಯವರೂ ತಮ್ಮ ತಮ್ಮ ಮಟ್ಟಿಗೆ ವಹಿಸಿಕೊಳ್ಳಬೇಕಾಗಿದೆ, ಅದೂ ಕೊಂಬೆ ಗಟ್ಟಿಯಾಗಿರುವಾಗಲೇ.