ಮುಕ್ಕಾಲು ತುಂಬಿದ ಚೀಲ

ನಮ್ಮ ಕರಾವಳಿಯ ಹೆಮ್ಮಾಡಿಯಲ್ಲಿ ಈಗ ಸೇವಂತಿಗೆಯ ಕಾಲ. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೆ ಸಲ್ಲಬೇಕಾದ ಹೂವು ಗದ್ದೆ ತುಂಬ ಹಳದಿಯಾಗಿ ನಿಂತಿದೆ. ನಮ್ಮ ಕಡೆ ತೋಡಿಗೆ ಕಟ್ಟ ಹಾಕುವುದೂ ಈ ದಿನಗಳಲ್ಲೇ. ಮಳೆಗಾಲದಲ್ಲಿ ಉಕ್ಕಿ ಹರಿದ ತೋಡು ಡಿಸೆಂಬರಿನ ಹೊತ್ತಿಗೆ ಸೊರಗುತ್ತದೆ. ಆಗ ಅಡ್ಡ ಕಟ್ಟಿ ನೀರು ನಿಲ್ಲಿಸದಿದ್ದರೆ ಬಾವಿಗಳು ಬೇಗ ಬತ್ತುತ್ತವೆ. ಹೊಳೆಯ ಹತ್ತಿರವಾದರೆ ಭರತ ಬಂದಾಗ ಉಪ್ಪುನೀರು ಗದ್ದೆಯ ತನಕ ಏರುತ್ತದೆ.

ಈ ವಾರ ಅಂಥ ಒಂದು ಕಟ್ಟದ ಕೆಲಸ ನೋಡಿದೆ. ಕೆಲಸಕ್ಕೆ ಇಳಿದಿದ್ದವರು ಕಾಲೇಜಿನ ಮಕ್ಕಳು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಬಂದು, ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ, ಬೆಳಗಾಗುತ್ತಲೇ ಶ್ರಮದಾನಕ್ಕೆ ಹೊರಟವರು. ಖಾಲಿ ಸಿಮೆಂಟು ಚೀಲಗಳಿಗೆ ಮರಳು ತುಂಬುತ್ತಿದ್ದರು. ಉತ್ಸಾಹವಲ್ಲವೇ, ಬಾಯಿಯವರೆಗೂ ತುಂಬಿ ಬಿಗಿಯಾಗಿ ಕಟ್ಟಿ ಒಂದರ ಮೇಲೊಂದು ಪೇರಿಸಿದರು. ನೋಡಲು ಚಂದವಾಗಿಯೇ ಇತ್ತು. ಆದರೆ ಸಂದಿ ಸಂದಿಯಲ್ಲಿ ನೀರು ಸೋರುತ್ತಿತ್ತು. ದಂಡೆಯ ಮೇಲೆ ನಿಂತಿದ್ದ ಅಜ್ಜರೊಬ್ಬರು ಮುಂಡು ಎತ್ತಿ ಕಟ್ಟಿ ಇಳಿದರು. "ಪೂರ್ತಿ ತುಂಬ್ಸುಕಾಗ ಮಕ್ಳೇ, ಮುಕ್ಕಾಲ್ ಸಾಕ್" ಎಂದರು. ಕಟ್ಟಿದ್ದನ್ನು ತೆಗೆಸಿದರು.

ಬಾಯಿಯವರೆಗೆ ತುಂಬಿದ ಚೀಲ ಉರುಟಾಗಿ, ಸೆಟೆದು ಕೂರುತ್ತದೆ. ಪಕ್ಕದ್ದಕ್ಕೆ ಒಂದು ಬದಿ ತಾಗಿದರೆ ತಾಗಿತು. ಕಾಲು ಭಾಗ ಖಾಲಿ ಬಿಟ್ಟದ್ದನ್ನು ಮೆಟ್ಟಿ ನೋಡಿ. ಅದು ಚಪ್ಪಟೆಯಾಗಿ, ಸಂದು ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಅಕ್ಕಪಕ್ಕದವಕ್ಕೆ ಒತ್ತಿ ಕೂರುತ್ತದೆ. ನೀರು ನಿಲ್ಲುವುದು ಆ ಖಾಲಿ ಬಿಟ್ಟ ಜಾಗದಿಂದ. ಅಜ್ಜನ ಮಾತು ನನ್ನನ್ನು ಬಿಟ್ಟಿಲ್ಲ. ಬೇರೆಯವರ ಊರಿಗೆ ಸೇವೆಗೆಂದು ಹೋಗುವವರೂ ಹೀಗೆ ಸ್ವಲ್ಪ ಖಾಲಿಯಾಗಿ ಹೋಗಬೇಕಲ್ಲವೇ? ಏನು ಕಲಿಸಬೇಕು, ಯಾರಿಗೆ ಯಾವ ಬುದ್ಧಿ ಹೇಳಬೇಕು, ಎಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು ಎಂದು ಎಲ್ಲವನ್ನೂ ಮೊದಲೇ ತುಂಬಿಕೊಂಡು ಹೋದರೆ, ಅಲ್ಲಿನವರ ಒಂದು ಮಾತಿಗಾದರೂ ಜಾಗ ಎಲ್ಲಿ?

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಸ್ವಯಂಸೇವಕನಾದವನು 2 ವರ್ಷಗಳಲ್ಲಿ 240 ಗಂಟೆ ದುಡಿಯಬೇಕು, 7 ದಿನದ ಒಂದು ಶಿಬಿರದಲ್ಲಿ ಇರಬೇಕು ಎಂಬ ಲೆಕ್ಕವೆಲ್ಲ ಮಕ್ಕಳಿಗೆ ಗೊತ್ತು. ಪ್ರಮಾಣಪತ್ರ ಸಿಗುವುದು ಆ ಲೆಕ್ಕಕ್ಕೆ. ಆದರೆ ಯೋಜನೆಯ ಉದ್ದೇಶಗಳಲ್ಲಿ ಮೊಟ್ಟಮೊದಲು ಬರೆದಿರುವುದು, ತಾವು ದುಡಿಯುವ ಸಮುದಾಯವನ್ನು ಅರಿತುಕೊಳ್ಳಬೇಕು ಎಂದು. ಅದನ್ನು ಬರೆದವರಿಗೆ ಯಾವುದು ಮೊದಲು ಎಂಬುದು ತಿಳಿದಿತ್ತು.

ದೂರದ ಫಿಲಿಪೈನ್ಸಿನ ಹಳ್ಳಿಗಳಿಗೂ ಹೊರದೇಶಗಳಿಂದ ವಿದ್ಯಾರ್ಥಿಗಳು ಹೀಗೇ ಸೇವೆಗೆಂದು ಬರುತ್ತಾರೆ. ಆ ಹಳ್ಳಿಗಳಲ್ಲಿ ಬಯಾನಿಹಾನ್ ಎಂಬ ಹಳೆಯ ಪದ್ಧತಿ ಇದೆ. ಒಂದು ಸಂಸಾರ ಜಾಗ ಬದಲಿಸಬೇಕಾದರೆ ನೆರೆಹೊರೆಯವರು ಸೇರಿ ಮನೆಯ ಅಡಿಗೆ ಬಿದಿರು ಕೊಟ್ಟು, ಇಡೀ ಮನೆಯನ್ನೇ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಇಷ್ಟು ಬಲ್ಲ ಜನರ ಎದುರು ಪರಸ್ಪರ ನೆರವಿನ ಪಾಠ ಹೇಳುವುದಕ್ಕೆ ಮೊದಲು ಯಾರಾದರೂ ಸ್ವಲ್ಪ ಸುಮ್ಮನೆ ಕೂರಬೇಕು. ನಮ್ಮಲ್ಲಿಯೂ ಅಷ್ಟೇ. ಮುಯ್ಯಾಳು ಎಂದು ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿದು ಬದುಕಿದ ಊರುಗಳಿವು. ಅಂಥಲ್ಲಿ ಶಿಬಿರದ ಸಂಜೆಯ ಸಭೆಯಲ್ಲಿ ಊರವರನ್ನು ಕೂರಿಸಿ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅವರನ್ನೇ ಎದುರಿಗೆ ಕರೆದು, ನೀವು ಮಾತಾಡಿ, ನಾವು ಕೇಳುತ್ತೇವೆ ಎನ್ನಬಾರದೇ?

ಆ ಮಕ್ಕಳ ಮೇಲೆ ನನಗೆ ಪ್ರೀತಿ ಹುಟ್ಟಿತು. ಕಟ್ಟಿದ್ದನ್ನು ತೆಗೆಯಿರಿ ಎಂದಾಗ ಒಬ್ಬರೂ ಮುಖ ಸಿಂಡರಿಸಲಿಲ್ಲ. "ಅಜ್ಜಾ, ಹೀಗಾ?" ಎಂದು ಕೇಳಿ ಕೇಳಿ ಮತ್ತೆ ಮೊದಲಿನಿಂದ ಇಟ್ಟರು. ತೋಟದ ಮನೆಯ ಹೆಂಗಸರು ತಂದ ಬೆಲ್ಲ ನೀರನ್ನು ತೋಡಿನ ಬದಿಯಲ್ಲೇ ಕುಡಿದರು.

ಅವರಲ್ಲಿ ಒಂದೇ ಒಂದು ಬೇಡಿಕೆ ಇದೆ. ಕಟ್ಟ ಹಾಕಿದವರಿಗೆ ಅದನ್ನು ಬಿಡಿಸುವ ಕೆಲಸವೂ ಇರುತ್ತದೆ. ಮುಂಗಾರಿಗೆ ಮೊದಲು ಆ ಚೀಲಗಳನ್ನು ಎತ್ತದಿದ್ದರೆ ನೀರು ಗದ್ದೆಗೆ ನುಗ್ಗುತ್ತದೆ, ಹರಿದ ಪ್ಲಾಸ್ಟಿಕ್ ಚೀಲಗಳು ಹೊಳೆ ಹಿಡಿದು ಗಂಗೊಳ್ಳಿಯ ಕಡಲು ಸೇರುತ್ತವೆ. ಆಗ ಶಿಬಿರ ಇರುವುದಿಲ್ಲ, ಬ್ಯಾನರ್ ಇರುವುದಿಲ್ಲ, ಉದ್ಘಾಟನೆಗೆ ಯಾರೂ ಬರುವುದಿಲ್ಲ. ಅಜ್ಜನ ವಯಸ್ಸಿಗೆ ಒಬ್ಬರೇ ಎತ್ತುವ ಭಾರವೂ ಅದಲ್ಲ. ಮೇ ತಿಂಗಳ ಕೊನೆಯಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡು, ನಿಮ್ಮಲ್ಲಿ ನಾಲ್ಕು ಜನ ಹೆಮ್ಮಾಡಿಗೆ ಬಸ್ಸು ಹತ್ತಿ ಬನ್ನಿ, ಮಕ್ಕಳೇ.