ನೀಲಿ ರಕ್ತದ ದೊಡ್ಡವರು

ಅಜ್ಜಿಯ ಪಕ್ಕ ಕೂತು ಅವರ ಕೈಯನ್ನೊಮ್ಮೆ ನೋಡಿ. ಬೆರಳಿನ ಗೆಣ್ಣುಗಳಿಂದ ಮಣಿಕಟ್ಟಿನ ಕಡೆಗೆ ನೀಲಿ, ಹಸಿರು ಗೆರೆಗಳು ಉಬ್ಬಿಕೊಂಡು ಹೋಗಿರುತ್ತವೆ. ಮನೆಯಲ್ಲಿ ನಾವು ಅವನ್ನು ನರ ಅನ್ನುತ್ತೇವೆ. ಸೂಜಿ ಹಿಡಿದ ನರ್ಸಮ್ಮ ಕೂಡ "ನರ ಸಿಗ್ತಾನೇ ಇಲ್ಲ" ಅಂತ ಗೊಣಗುತ್ತಾರೆ. ಅಸಲಿಗೆ ಅವು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಕೊಳವೆಗಳು. ಹೆಸರು ಅಭಿಧಮನಿ.

ಈ ಗೆರೆಗಳಿಂದಲೇ ಒಂದು ಮಾತು ಹುಟ್ಟಿದೆ. ಊರಿನ ಸಿರಿವಂತರನ್ನು ನಾವು 'ದೊಡ್ಡ ಕುಳ' ಅನ್ನುತ್ತೇವಲ್ಲ, ಹಾಗೆ ರಾಜಮನೆತನದವರನ್ನು, ಜಹಗೀರುದಾರರನ್ನು ಇಂಗ್ಲಿಷಿನಲ್ಲಿ 'ಬ್ಲೂ ಬ್ಲಡ್' ಅನ್ನುತ್ತಾರೆ. ಅಂದರೆ ನೀಲಿ ರಕ್ತದವರು! ಈ ಮಾತು ಇಂಗ್ಲಿಷರ ಸ್ವಂತದ್ದೇನಲ್ಲ. ಸ್ಪೇನ್ ದೇಶದ 'ಸಾಂಗ್ರೆ ಅಸುಲ್' ಎಂಬುದನ್ನು 19ನೇ ಶತಮಾನದಲ್ಲಿ ಎತ್ತಿಕೊಂಡರು.

ಸ್ಪೇನಿಗೆ 711ರಲ್ಲಿ ಉತ್ತರ ಆಫ್ರಿಕಾದಿಂದ 'ಮೂರ್' ಎಂದು ಕರೆಯಲಾಗುವ ಮುಸ್ಲಿಮರು ದಂಡೆತ್ತಿ ಬಂದರು. ಅವರ ಕೊನೆಯ ರಾಜ್ಯ ಗ್ರನಾಡಾ ಸೋತದ್ದು 1492ರಲ್ಲಿ. ಅಷ್ಟು ಕಾಲ ಒಂದೇ ನೆಲದಲ್ಲಿ ಬಾಳಿದ ಮೇಲೆ ಜನ ಬೆರೆಯದೆ ಇರುತ್ತಾರೆಯೇ? ಆದರೂ ಕ್ಯಾಸ್ಟೀಲ್ ಪ್ರಾಂತದ ಕೆಲವು ದೊಡ್ಡ ಮನೆತನಗಳು "ನಮ್ಮಲ್ಲಿ ಬೆರಕೆಯೇ ಇಲ್ಲ" ಎಂದು ಬೀಗುತ್ತಿದ್ದವು. ಸಾಕ್ಷಿ ಏನು? ಬಿಳಿಚಿದ ತೊಗಲಿನಡಿ ಎದ್ದು ಕಾಣುವ ನೀಲಿ ಗೆರೆ! ಬಿಸಿಲಲ್ಲಿ ದುಡಿದು ಕಂದಿದ ಕೈಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಜಂಬಕ್ಕೆ ಎಂಥೆಂಥ ಪುರಾವೆ ನೋಡಿ.

ಆ ಗೆರೆಯೊಳಗಿನ ರಕ್ತ ನೀಲಿಯೇ? ಪರೀಕ್ಷೆಗೆಂದು ತೋಳಿನಿಂದ ರಕ್ತ ತೆಗೆಯುವಾಗ ನೋಡಿದ್ದೀರಲ್ಲ, ಪುನರ್ಪುಳಿ ಶರಬತ್ತಿನಂಥ ಕಡುಗೆಂಪು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್, ಅದರಲ್ಲಿ ಕಬ್ಬಿಣವಿದೆ. ಆಮ್ಲಜನಕ ಹೊತ್ತಾಗ ರಕ್ತ ಹೊಳೆಯುವ ಕೆಂಪು, ಇಳಿಸಿದಾಗ ಕಡುಗೆಂಪು. ನೀಲಿ ಎಂದೂ ಆಗದು.

ಹಾಗಾದರೆ ಗೆರೆ ಯಾಕೆ ನೀಲಿ? ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬೆರಳ ತುದಿಗೆ ಒತ್ತಿ ಹಿಡಿಯಿರಿ. ಬೆರಳು ಕೆಂಡದಂತೆ ಕೆಂಪಾಗುತ್ತದೆ. ಬಿಳಿ ಬೆಳಕಿನಲ್ಲಿರುವ ಬಣ್ಣಗಳಲ್ಲಿ ತೊಗಲನ್ನು ದಾಟಿ ಆಳಕ್ಕೆ ಹೋಗಬಲ್ಲದ್ದು ಕೆಂಪು. ನೀಲಿ ಮೇಲುಮೇಲಕ್ಕೇ ಚದುರಿ ವಾಪಸು ಬರುತ್ತದೆ. ಆಳಕ್ಕಿಳಿದ ಕೆಂಪು ರಕ್ತನಾಳಕ್ಕೆ ತಾಗಿದರೆ ಅದರಲ್ಲೊಂದಿಷ್ಟನ್ನು ರಕ್ತ ನುಂಗಿಬಿಡುತ್ತದೆ. ಹಾಗಾಗಿ ಆ ಜಾಗದಿಂದ ಮರಳುವ ಕೆಂಪು ಅಕ್ಕಪಕ್ಕಕ್ಕಿಂತ ಕಡಿಮೆ. ಅಳೆದು ನೋಡಿದರೆ ಅಲ್ಲಿಂದ ಬರುವ ಬೆಳಕೇನೂ ನಿಜವಾದ ನೀಲಿಯಲ್ಲ. ಆದರೆ ನಮ್ಮ ಕಣ್ಣು, ಮಿದುಳು ಸುತ್ತಲಿನ ತೊಗಲಿಗೆ ಹೋಲಿಸಿ "ಇದು ನೀಲಿ" ಎಂದು ತೀರ್ಪು ಕೊಡುತ್ತವೆ.

ನಿಜವಾದ ನೀಲಿ ರಕ್ತ ಬೇಕಾದರೆ ಅರಮನೆಗೆ ಹೋಗಬೇಡಿ. ಮೂರು ಹೃದಯಗಳ ಆಕ್ಟೋಪಸ್, ಮಂಗಳೂರಿನ ಮೀನು ಮಾರುಕಟ್ಟೆಯ ಬೊಂಡಾಸ್ (ಸ್ಕ್ವಿಡ್), ಒಡಿಶಾ ಕರಾವಳಿಯ ಕುದುರೆಲಾಳದ ಏಡಿ, ಇವುಗಳಲ್ಲಿ ಆಮ್ಲಜನಕ ಹೊರುವುದು ತಾಮ್ರವಿರುವ ಹಿಮೋಸಯಾನಿನ್. ಆಮ್ಲಜನಕ ಸೇರಿದಾಗ ಅದು ನೀಲಿ, ಬಿಟ್ಟಾಗ ಬಣ್ಣವೇ ಇಲ್ಲ. ಮಳೆಗಾಲದಲ್ಲಿ ಗದ್ದೆಯ ಬದು ಕೊರೆದು ನೀರೆಲ್ಲ ಸೋರಿಸಿ ಅಜ್ಜನಿಂದ ಬೈಸಿಕೊಳ್ಳುವ ಏಡಿ ಇದೆಯಲ್ಲ, ಅದೂ ಈ ವಂಶದ್ದೇ. ಸದ್ದು ಕೇಳಿದರೆ ಸಾಕು, ಅಡ್ಡಡ್ಡ ಓಡಿ ಕೆಸರಿನ ಬಿಲ ಸೇರಿಕೊಳ್ಳುತ್ತದೆ.